ಮರಗಸಿ: ನೆರಳು ಬಿಡಿಸುವುದರಿಂದ ಸೌದೆ ಒಣಗಿಸುವವರೆಗೆ

ಕಾಫಿ ತೋಟದಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿದು ಬಿಡಿಸುವುದು, ಬೆಳಕಿಗಾಗಿ, ಸೌದೆಗಾಗಿ ಅಲ್ಲ. ಇದು ತಲೆಯಲ್ಲಿ ಸರಿಯಾಗಿ ಕೂತರೆ ಯಾವ ಕೊಂಬೆ ಹೋಗಬೇಕು, ಯಾವುದು ಉಳಿಯಬೇಕು, ಮರ ಹತ್ತುವವರಿಗೆ ಕೂಲಿ ಹೇಗೆ ಕೊಡಬೇಕು ಎಂಬುದೆಲ್ಲ ತಾನಾಗಿ ತೀರ್ಮಾನವಾಗುತ್ತದೆ. ಮೂಡಿಗೆರೆ, ಸಕಲೇಶಪುರ ಸೀಮೆಯ ತೋಟಗಳಲ್ಲಿ ನಾವು ಈ ಕೆಲಸವನ್ನು ಮಾಡುತ್ತಾ ಬಂದ ಕ್ರಮವನ್ನು ಇಲ್ಲಿ ಬರೆದಿದ್ದೇವೆ. ಹೊಸದಾಗಿ ತೋಟ ನೋಡಿಕೊಳ್ಳಲು ಬಂದವರು ಹೆಚ್ಚಾಗಿ ಕೇಳುವುದೂ ಇದನ್ನೇ.

ಮೊದಲು ಕಾಲದ ಮಾತು. ಅರೇಬಿಕಾ ಜಾತಿಯ ಕಾಫಿ ಕೊಯ್ಲು ಮುಗಿದ ತಕ್ಷಣ, ಜನವರಿ-ಫೆಬ್ರವರಿಯಲ್ಲೇ ಮರ ಬೋಳಿಸಿದರೆ ಗಿಡ ಇಡೀ ಬೇಸಿಗೆಯನ್ನು ನೆತ್ತಿ ಮೇಲಿನ ಬಿಸಿಲಲ್ಲಿ ಕಳೆಯಬೇಕು. ಎಲೆ ಬಾಡುತ್ತದೆ, ಮೊಗ್ಗು ಒಣಗುತ್ತದೆ. ಮಳೆ ಹಿಡಿದ ಮೇಲೆ ಮಾಡೋಣ ಎಂದರೆ ತೊಗಟೆ ಪಾಚಿಗಟ್ಟಿ ಜಾರುತ್ತದೆ, ಗಾಳಿ ಬೇರೆ. ಹಾಗಾಗಿ ದೊಡ್ಡ ಕೆಲಸವನ್ನು ನಾವು ಎರಡು ಪಾಲು ಮಾಡಿಕೊಳ್ಳುತ್ತೇವೆ. ಸತ್ತ ಮರ, ಮಾರಾಟಕ್ಕೆ ಬಂದ ಸಿಲ್ವರ್ ಓಕ್, ಗಿಡಗಳ ಮೇಲೆ ಬೀಳಲಿರುವ ಒಣ ಕೊಂಬೆ, ಇವನ್ನು ಕೊಯ್ಲು ಮುಗಿದ ಕೂಡಲೇ ತೆಗೆಯುತ್ತೇವೆ. ಮರ ಬಿದ್ದು ನಾಲ್ಕು ಗಿಡ ಮುರಿದರೂ ಚಿಗುರಲು ಅವುಗಳಿಗೆ ಸಮಯವಿರುತ್ತದೆ, ಮರಕ್ಕೆ ಒಣಗಲು ಪೂರ್ತಿ ಬೇಸಿಗೆ ಸಿಗುತ್ತದೆ. ನೆರಳು ಬಿಡಿಸುವ ನಿಜವಾದ ಮರಗಸಿ ಕಾಫಿ ಹೂ ಅರಳಿಸುವ ಹೂಮಳೆ ಬಂದು, ಕಾಯಿ ಕಚ್ಚಿ, ಕಾಳುಮೆಣಸು ಕೊಯ್ದ ಮೇಲೆ. ಅಂದರೆ ಏಪ್ರಿಲ್ ಕೊನೆಯಿಂದ ಮುಂಗಾರು ಶುರುವಾಗುವವರೆಗೆ. ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವ ದಿನಗಳವು, ಆದ್ದರಿಂದ ಮರದ ಮೇಲಿನ ಕೆಲಸವೆಲ್ಲ ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರುವಾಗಿ ಮಧ್ಯಾಹ್ನದ ಊಟದೊಳಗೆ ಮುಗಿಯಬೇಕು.

ಈ ಲೆಕ್ಕದಲ್ಲಿ ಒಂದು ತೊಡಕಿದೆ. ಅರೇಬಿಕಾ ಗಿಡವನ್ನು ಕೊಲ್ಲುವ ಬಿಳಿ ಕಾಂಡಕೊರಕದ ದುಂಬಿ ಹಾರಾಡುವುದು ಏಪ್ರಿಲ್‌ನಿಂದ ಜೂನ್ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್. ಬಿಸಿಲು ಬಿದ್ದು ಬೆಚ್ಚಗಾದ ಕಾಂಡದ ತೊಗಟೆಯ ಬಿರುಕನ್ನೇ ಹುಡುಕಿ ಅದು ಮೊಟ್ಟೆ ಇಡುತ್ತದೆ. ನಾವು ಮರಗಸಿ ಮಾಡುವ ಕಾಲವೂ ಅದೇ. ಹೆದರಿ ನೆರಳು ಹಾಗೇ ಬಿಟ್ಟರೆ ಮಳೆಗಾಲದಲ್ಲಿ ಗಾಳಿಯಾಡದೆ ಕೊಳೆರೋಗ ಬಂದು ಎಲೆ ಕಾಯಿ ಎರಡೂ ಕಪ್ಪಾಗಿ ಜೋತು ಬೀಳುತ್ತವೆ. ಆದ್ದರಿಂದ ಅರೇಬಿಕಾ ಪಟ್ಟೆಯಲ್ಲಿ ಯಾವ ಮರವನ್ನೂ ಒಂದೇ ವರ್ಷ ಬೋಳಿಸುವುದಿಲ್ಲ. ಒಂದು ಮರದ ಹಸಿರಿನಲ್ಲಿ ಹೆಚ್ಚೆಂದರೆ ಕಾಲು ಭಾಗ ತೆಗೆದು, ಉಳಿದದ್ದನ್ನು ಮುಂದಿನ ವರ್ಷಕ್ಕೆ ಬಿಡುತ್ತೇವೆ. ಬೆಳಕು ಹೆಚ್ಚು ಬಿತ್ತು ಅನಿಸಿದ ಜಾಗದ ಗಿಡಗಳ ಕಾಂಡಕ್ಕೂ ದಪ್ಪ ರೆಕ್ಕೆಗಳಿಗೂ (ಅಡ್ಡ ಕೊಂಬೆಗಳಿಗೂ) 200 ಲೀಟರ್ ಡ್ರಮ್ಮಿಗೆ 20 ಕಿಲೋ ಸುಣ್ಣ ಕದಡಿ ಹೊಡೆಯುತ್ತೇವೆ. ಕಾಫಿಯ ಇನ್ನೊಂದು ಜಾತಿ ರೊಬಸ್ಟಾಗೆ ಈ ಹುಳದ ಕಾಟವಿಲ್ಲ, ಬೆಳಕೂ ಹೆಚ್ಚು ಬೇಕು. ಅಲ್ಲಿ ಕೈ ಸ್ವಲ್ಪ ಧಾರಾಳವಾದರೆ ನಡೆಯುತ್ತದೆ.

ಯಾವ ಮರಕ್ಕೆ ಎಷ್ಟು ಎಂಬುದನ್ನು ಮರ ನೋಡಿ ಹೇಳಲು ಬರುವುದಿಲ್ಲ, ನೆಲ ನೋಡಿ ಹೇಳಬೇಕು. ಮೋಡವಿಲ್ಲದ ದಿನ ಹನ್ನೆರಡರಿಂದ ಒಂದು ಗಂಟೆಯೊಳಗೆ ಸಾಲಿನ ಮಧ್ಯೆ ನಡೆದರೆ ಸಾಕು. ನೆರಳು ಬಿಸಿಲು ಚುಕ್ಕಿ ಚುಕ್ಕಿಯಾಗಿ ಬೆರೆತು, ಗಾಳಿಗೆ ಚುಕ್ಕಿಗಳು ಅಲುಗಾಡುತ್ತಿದ್ದರೆ ಆ ಜಾಗ ಸರಿಯಿದೆ. ಒಂದಿಡೀ ಗಿಡ ಪೂರ್ತಿ ಬಿಸಿಲಲ್ಲಿ ನಿಂತಿದ್ದರೆ ಅಲ್ಲಿ ಮರದ ಸುದ್ದಿಗೇ ಹೋಗಬೇಡಿ. ಗೆಣ್ಣು ಗೆಣ್ಣಿನ ನಡುವೆ ಅಂತರ ಉದ್ದವಾಗಿ, ಎಲೆ ಅಗಲವಾಗಿ ತೆಳ್ಳಗೆ ಕಡುಹಸಿರಾಗಿ, ಕಾಯಿ ಕೊಂಬೆಯ ತುದಿಯಲ್ಲಿ ಮಾತ್ರ ಒಂದೆರಡು ಗೊಂಚಲು ಕಚ್ಚಿದ್ದರೆ ಅಲ್ಲಿ ನೆರಳು ದಟ್ಟವಾಗಿದೆ. ಆ ಗಿಡದ ಬಳಿ ನಿಂತು ತಲೆ ಎತ್ತಿದಾಗ ಕಾಣುವ ಕೊಂಬೆಯೇ ಹೋಗಬೇಕಾದದ್ದು. ಎಷ್ಟೋ ಸಲ ಅದು ಪಕ್ಕದ ಮರದ್ದಾಗಿರುತ್ತದೆ.

ಇಳಿಜಾರಿನ ದಿಕ್ಕೂ ಲೆಕ್ಕಕ್ಕೆ ಬರುತ್ತದೆ. ತೆಂಕು ಮತ್ತು ಪಡುವಣಕ್ಕೆ ಮುಖ ಮಾಡಿದ ಬರೆಗಳಲ್ಲಿ ನೆರಳು ಹೆಚ್ಚಿರಬೇಕು, ಮಧ್ಯಾಹ್ನದ ಮೇಲಿನ ಬಿಸಿಲು ಅಲ್ಲೇ ಸುಡುವುದು. ಒಂದೇ ಮರದಲ್ಲೂ ಪಡುವಣ ಮಗ್ಗುಲಿನ ಕೊಂಬೆ ಉಳಿಸಿ, ಮೂಡಣ ಮತ್ತು ಬಡಗಣ ಮಗ್ಗುಲಿನದನ್ನು ತೆಗೆಯುತ್ತೇವೆ. ಬೆಳಗಿನ ಬಿಸಿಲು ಗಿಡಕ್ಕೆ ಒಳ್ಳೆಯದು, ಎಲೆಯ ಮೇಲಿನ ಇಬ್ಬನಿ ಬೇಗ ಆರಿ ತುಕ್ಕು ರೋಗವೂ ಹಿಡಿತಕ್ಕೆ ಬರುತ್ತದೆ. ಹೀಗೆ ನೋಡುತ್ತಾ ಹೋದಂತೆ ಬುಡಕ್ಕೆ ಸುಣ್ಣದಲ್ಲಿ ಗುರುತು ಹಾಕುತ್ತೇವೆ. ಒಂದು ಗೆರೆ ಎಂದರೆ ಅಡ್ಡ ರೆಂಬೆ ಮಾತ್ರ, ಎರಡು ಗೆರೆ ಎಂದರೆ ಮೇಲಿನ ಚಂಡೆಯೊಳಗೂ (ಮರದ ತಲೆಯ ಸೊಪ್ಪಿನೊಳಗೂ) ಬಿಡಿಸಬೇಕು, ಕತ್ತರಿ ಗುರುತು ಎಂದರೆ ಬುಡಕ್ಕೇ ಕಡಿಯಬೇಕು. ಗುರುತು ಹಾಕುವವರು ತೋಟ ನೋಡಿಕೊಳ್ಳುವವರೇ ಆಗಿರಬೇಕು. ಮರ ಹತ್ತಿದವರಿಗೆ ಮೇಲಿಂದ ಕಾಣುವುದು ಎಲೆಯ ರಾಶಿ ಮಾತ್ರ, ಗಿಡದ ಸ್ಥಿತಿ ಕಾಣುವುದಿಲ್ಲ.

ಮರಗಳ ಸ್ವಭಾವ ಒಂದೊಂದು ತರ. ಅತ್ತಿ, ಬಸರಿ, ಗೋಣಿ ಇವು ಮೇಲ್ನೆರಳಿಗೆ ಅತ್ಯುತ್ತಮ. ಅಗಲವಾಗಿ ಹರಡುತ್ತವೆ, ಉದುರಿದ ಸೊಪ್ಪು ಬೇಗ ಕೊಳೆತು ಮಣ್ಣಾಗುತ್ತದೆ. ಆದರೆ ಇವುಗಳಲ್ಲಿ ತೊಡೆ ಗಾತ್ರದ ಕೊಂಬೆ ಕಡಿದರೆ ಗಾಯ ಮುಚ್ಚುವ ಮೊದಲೇ ಒಳಗೆ ಕೊಳೆ ಇಳಿಯುತ್ತದೆ. ಅದಕ್ಕೆ ದಪ್ಪ ಕೊಂಬೆ ಬಿಟ್ಟು ಮಣಿಕಟ್ಟು ಗಾತ್ರದ ರೆಂಬೆಗಳನ್ನು ಹಲವು ಕಡೆ ತೆಗೆದು ಬಿಡಿಸುವುದು ವಾಸಿ. ಕೆಲಸ ಜಾಸ್ತಿ, ಸೌದೆ ಕಡಿಮೆ, ಆದರೆ ಮರ ಉಳಿಯುತ್ತದೆ. ಸಿಲ್ವರ್ ಓಕ್ ನೆಟ್ಟಗೆ ಹೋಗುವ ಮರ, ಮೆಣಸಿನ ಬಳ್ಳಿಗೆ ಆಸರೆ. ಅದರ ಅಡ್ಡ ರೆಂಬೆಗಳನ್ನು ಕೆಳಗಿನಿಂದ ಎತ್ತರಿಸುತ್ತಾ ಹೋಗಿ, ಮರದ ಎತ್ತರದ ಮೇಲಿನ ಮೂರನೇ ಒಂದು ಭಾಗದಲ್ಲಿ ಹಸಿರು ಉಳಿಸಬೇಕು. ಮೆಣಸು ಕೊಯ್ಯಲು ಅನುಕೂಲ ಎಂದು ಸಿಲ್ವರ್ ಓಕಿನ ತಲೆ ಹೊಡೆಸುವ ರೂಢಿ ಹಬ್ಬಿದೆ, ನಮಗದು ಒಪ್ಪಿಗೆಯಿಲ್ಲ. ತಲೆ ಹೋದ ಜಾಗದಲ್ಲಿ ನೀರು ನಿಂತು ದಿಂಡು ಕೊಳೆಯುತ್ತದೆ. ಸುತ್ತಲೂ ನಾಲ್ಕೈದು ಚಿಗುರು ಎದ್ದು, ಅವು ದಪ್ಪವಾದ ಮೇಲೆ ಬಿರುಗಾಳಿಗೆ ಬುಡಸಮೇತ ಸೀಳಿಕೊಂಡು ಬಳ್ಳಿಯ ಮೇಲೇ ಬೀಳುತ್ತವೆ. ಕೆಳನೆರಳಿನ ಹಾಲುವಾಣಕ್ಕೆ ಮಳೆಗೆ ಮುಂಚೆ ಕೈ ಹಾಕುತ್ತೇವೆ. ಪೂರ್ತಿ ಬೋಳಿಸದೆ, ಗಿಡಗಳ ಮೇಲೆ ಕೊಡೆ ಹಿಡಿದಂತೆ ಮೂರು ನಾಲ್ಕು ರೆಂಬೆ ಬಿಡುತ್ತೇವೆ.

ಕಡಿಯುವ ಮೊದಲು ಕಾನೂನು ತಿಳಿದಿರಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಬುಡಕ್ಕೆ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಸಿಲ್ವರ್ ಓಕ್, ಹಾಲುವಾಣ, ಗ್ಲಿರಿಸಿಡಿಯಾ, ನೀಲಗಿರಿ, ರಬ್ಬರ್, ಸುಬಾಬುಲ್ ಮುಂತಾದ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ. ಬೀಟೆ, ಹೊನ್ನೆ, ನಂದಿ, ಮತ್ತಿಯಂಥ ಕಾಡುಮರ ಸತ್ತು ನಿಂತಿದ್ದರೂ ಅರಣ್ಯ ಇಲಾಖೆಗೆ ಅರ್ಜಿ ಹಾಕದೆ ಗರಗಸ ಇಡಬಾರದು. ಅರ್ಜಿ, ಸ್ಥಳ ತನಿಖೆ ಎಲ್ಲಕ್ಕೂ ಸಮಯ ಹಿಡಿಯುವುದರಿಂದ ಮೇ ತಿಂಗಳ ಕೆಲಸಕ್ಕೆ ಡಿಸೆಂಬರಿನಲ್ಲೇ ಅರ್ಜಿ ಕೊಡುವುದು ಒಳ್ಳೆಯದು.

ಇನ್ನು ಜೀವದ ವಿಷಯ. ಮಲೆನಾಡಿನ ತೋಟಗಳಲ್ಲಿ ಮರದಿಂದ ಬಿದ್ದು ಸಾಯುವವರಿದ್ದಾರೆ, ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಗುಲಿ ಸಾಯುವವರೂ ಇದ್ದಾರೆ. ಮರಗಸಿ, ಮೆಣಸು ಕೊಯ್ಲು ಎರಡೂ ಕಾಲದಲ್ಲಿ ಈ ಸುದ್ದಿ ಬರದ ವರ್ಷವಿಲ್ಲ. ಉದ್ದದ ಏಣಿಯನ್ನು ನೆಟ್ಟಗೆ ಎತ್ತಿಕೊಂಡು ಮರದಿಂದ ಮರಕ್ಕೆ ಹೋಗುವಾಗಲೇ ಅಪಾಯ ಹೆಚ್ಚು. ಹೊತ್ತವರ ಕಣ್ಣು ನೆಲದ ಮೇಲಿರುತ್ತದೆ, ತಂತಿ ಸೊಪ್ಪಿನ ಮರೆಯಲ್ಲಿರುತ್ತದೆ. ನಮ್ಮಲ್ಲಿ ಏಣಿ ಸಾಗಿಸುವುದು ಮಲಗಿಸಿಕೊಂಡು, ಇಬ್ಬರು ಹಿಡಿದು. ತಂತಿ ಹಾದ ಸಾಲಿನಲ್ಲಿ ಅಲ್ಯೂಮಿನಿಯಂ ಏಣಿಗೆ ಪ್ರವೇಶವೇ ಇಲ್ಲ. ಬಿದಿರಿನ ಏಣಿಯೂ ಹಸಿಯಾಗಿದ್ದರೆ, ಮಳೆಗೆ ನೆನೆದಿದ್ದರೆ ಕರೆಂಟ್ ಹರಿಸುತ್ತದೆ ಎಂಬುದನ್ನು ಮರೆಯಬಾರದು. ತಂತಿ ಮೇಲೆ ಬಾಗಿದ ಕೊಂಬೆಯಿದ್ದರೆ ಮೆಸ್ಕಾಂ ಅಥವಾ ಸೆಸ್ಕ್ ಶಾಖೆಗೆ ತಿಳಿಸಿ, ಲೈನ್‌ಮನ್ ಬಂದು ಲೈನ್ ತೆಗೆದು ತಾವೇ ನಿಂತಿದ್ದಾಗ ಮಾತ್ರ ಕಡಿಯಬೇಕು. ಫೋನಿನಲ್ಲಿ "ಕರೆಂಟ್ ಹೋಗಿದೆ, ಕಡೀರಿ" ಎಂದ ಮಾತನ್ನು ನಂಬಿ ಯಾರನ್ನೂ ಹತ್ತಿಸಬಾರದು. ಪಕ್ಕದ ಮನೆಯ ಜನರೇಟರಿನಿಂದ ಕರೆಂಟ್ ತಿರುಗಿ ತಂತಿಗೆ ಬರುವ ಸಾಧ್ಯತೆಯೂ ಇರುತ್ತದೆ.

ಹತ್ತುವ ಮೊದಲು ಮರವನ್ನು ಸುತ್ತಲೂ ಒಮ್ಮೆ ನೋಡುತ್ತೇವೆ. ಹೆಜ್ಜೇನು ಕಟ್ಟಿದ್ದರೆ ಆ ಮರ ಅವತ್ತಿಗಿಲ್ಲ. ಚಗಳಿ ಇರುವೆಯ ಗೂಡಿದ್ದರೆ ಕೆಳಗಿನಿಂದಲೇ ದೋಟಿಯಲ್ಲಿ ಇಳಿಸುತ್ತೇವೆ, ಕೈ ಎರಡೂ ಕೆಲಸದಲ್ಲಿರುವಾಗ ಅವು ಕಣ್ಣಿಗೆ ಬಂದರೆ ಕಷ್ಟ. ಬುಡದಲ್ಲಿ ಅಣಬೆ ಎದ್ದಿದ್ದರೆ, ಕೊಡಲಿಯ ಹಿಂಬದಿಯಲ್ಲಿ ಬಡಿದಾಗ ಡೊಳ್ಳು ಸದ್ದು ಬಂದರೆ ಅದನ್ನು ಹತ್ತುವುದಿಲ್ಲ, ಹಗ್ಗ ಹಾಕಿ ಬುಡಕ್ಕೇ ಕಡಿಯುತ್ತೇವೆ. ಸೊಂಟಕ್ಕೆ ಬರಿ ಹಗ್ಗ ಸುತ್ತಿಕೊಳ್ಳುವ ಹಳೆಯ ಪದ್ಧತಿ ಬಿಡಬೇಕು. ಬಿದ್ದಾಗ ಅದು ಪಕ್ಕೆಲುಬಿಗೆ ಏರಿ ಉಸಿರು ಕಟ್ಟಿಸುತ್ತದೆ. ತೊಡೆ, ಹೆಗಲು ಎರಡನ್ನೂ ಹಿಡಿಯುವ ಪೂರ್ತಿ ಬೆಲ್ಟ್ ಬೇಕು, ಅದಕ್ಕೆ ಎರಡು ಕೊಕ್ಕೆ ಹಗ್ಗ ಬೇಕು. ಒಂದು ಬಿಚ್ಚಿ ಮೇಲಕ್ಕೆ ಹಾಕುವಾಗ ಇನ್ನೊಂದು ಹಿಡಿದಿರುತ್ತದೆ. ಕೊಂಬೆ ದಾಟುವ ಆ ಎರಡು ಕ್ಷಣದಲ್ಲೇ ಹೆಚ್ಚಿನವರು ಬೀಳುವುದು.

ಕೆಳಗೆ ಒಬ್ಬರು ಮೇಸ್ತ್ರಿ, ಅವರೊಬ್ಬರದ್ದೇ ಮಾತು. ಮರದ ಮೇಲಿನವರು ಗರಗಸ ಇಡುವ ಮೊದಲು "ಅಣ್ಣಾ, ಬಿಡ್ಲಾ?" ಎಂದು ಕೂಗಬೇಕು. ಮೇಸ್ತ್ರಿ ಸುತ್ತ ನೋಡಿ "ಬಿಡು" ಎಂದ ಮೇಲೆ ಮಾತ್ರ ಕೊಂಬೆ ಬೀಳಬೇಕು. ಉತ್ತರ ಬರದಿದ್ದರೆ ಇಲ್ಲ ಎಂದೇ ಅರ್ಥ. ಸೊಪ್ಪು ಎಳೆಯುವ ಹೆಂಗಸರು ಮರದ ಎತ್ತರದ ಒಂದೂವರೆ ಪಟ್ಟು ದೂರದಲ್ಲಿರಬೇಕು. ಬಿದ್ದ ಕೊಂಬೆ ಇಳಿಜಾರಿನಲ್ಲಿ ಉರುಳುವುದರಿಂದ ಕೆಳ ಮಗ್ಗುಲಿನಲ್ಲಂತೂ ಯಾರೂ ಇರಕೂಡದು.

ಕೊಂಬೆ ಕಡಿಯುವುದು ಹೇಗೆ ಎಂಬುದರ ಮೇಲೆ ಮರದ ಮುಂದಿನ ಇಪ್ಪತ್ತು ವರ್ಷ ನಿಂತಿದೆ. ಮಚ್ಚಿನಲ್ಲಿ ಮೇಲಿನಿಂದ ನಾಲ್ಕು ಏಟು ಹಾಕಿದರೆ ಕೊಂಬೆ ಅರ್ಧ ಕಡಿದಾಗಲೇ ತನ್ನ ಭಾರಕ್ಕೆ ಬಗ್ಗಿ, ಕೆಳಗಿನ ತೊಗಟೆಯನ್ನು ಬೋದಿಗೆಯ (ಮರದ ಮುಖ್ಯ ಕಾಂಡದ) ಉದ್ದಕ್ಕೂ ಸುಲಿದುಕೊಂಡು ಬೀಳುತ್ತದೆ. ಮೆಣಸಿನ ಬಳ್ಳಿಯಿದ್ದರೆ ಅದೂ ಕಿತ್ತು ಬರುತ್ತದೆ. ಮೂರು ಕೊಯ್ತದಲ್ಲಿ ಮಾಡಿದರೆ ಇದಾಗುವುದಿಲ್ಲ. ಬೋದಿಗೆಯಿಂದ ಒಂದಡಿ ಆಚೆ, ಕೊಂಬೆಯ ಕೆಳಗಿನಿಂದ ಮೇಲಕ್ಕೆ ದಪ್ಪದ ಮೂರನೇ ಒಂದರಷ್ಟು ಕೊಯ್ಯಬೇಕು. ಗರಗಸ ಹಿಡಿದುಕೊಳ್ಳಲು ಶುರುವಾಯಿತು ಎನ್ನುವಾಗ ನಿಲ್ಲಿಸಬೇಕು. ಆಮೇಲೆ ಅದಕ್ಕಿಂತ ಎರಡು ಮೂರು ಇಂಚು ಆಚೆ ಮೇಲಿನಿಂದ ಕೊಯ್ದರೆ ಕೊಂಬೆ ಆ ಎರಡು ಕೊಯ್ತದ ನಡುವೆ ಚಟಕ್ಕನೆ ಮುರಿದು ಬೀಳುತ್ತದೆ, ತೊಗಟೆ ಸುಲಿಯುವುದು ಕೆಳಗಿನ ಕೊಯ್ತದಲ್ಲೇ ನಿಂತುಹೋಗುತ್ತದೆ. ಕೊನೆಗೆ ಉಳಿದ ಒಂದಡಿ ಮೋಟನ್ನು ತೆಗೆಯಬೇಕು.

ಆ ಕೊನೆಯ ಕೊಯ್ತ ಎಲ್ಲಿ ಎಂಬುದನ್ನು ಕೈಯಿಟ್ಟು ನೋಡಿಯೇ ಕಲಿಯಬೇಕು. ಕೊಂಬೆ ಬೋದಿಗೆಗೆ ಸೇರುವಲ್ಲಿ ಸುತ್ತಲೂ ಉಬ್ಬಿದ ಒಂದು ಉಂಗುರವಿರುತ್ತದೆ, ಮೇಲ್ಗಡೆ ತೊಗಟೆ ಸುಕ್ಕುಗಟ್ಟಿ ಏಣಾಗಿರುತ್ತದೆ. ಆ ಉಬ್ಬು ಬೋದಿಗೆಯದ್ದು, ಕೊಂಬೆಯದ್ದಲ್ಲ. ಗಾಯ ಮುಚ್ಚುವ ಹೊಸ ತೊಗಟೆ ಹುಟ್ಟುವುದು ಅಲ್ಲಿಂದಲೇ. ಚೊಕ್ಕಟವಾಗಿ ಕಾಣಲಿ ಎಂದು ಬೋದಿಗೆಗೆ ಸಮವಾಗಿ ಹೆರೆದರೆ ಉಂಗುರವೇ ಹೋಗಿ ಗಾಯ ಎರಡು ಪಟ್ಟು ದೊಡ್ಡದಾಗುತ್ತದೆ. ಅರ್ಧ ಅಡಿ ಮೋಟು ಬಿಟ್ಟರೆ ಅದು ಸತ್ತು, ಕೊಳೆತು, ಆ ಕೊಳೆ ನಡು ದಿಂಡಿಗೇ ಇಳಿಯುತ್ತದೆ. ಉಂಗುರದ ಹೊರ ಅಂಚಿಗೆ, ಅದಕ್ಕೆ ತಾಗದ ಹಾಗೆ, ಮೇಲಿನಿಂದ ಕೆಳಕ್ಕೆ ಸ್ವಲ್ಪ ಹೊರ ಓರೆಯಾಗಿ ಕೊಯ್ಯಬೇಕು. ಸರಿಯಾಗಿ ಬಿದ್ದ ಕೊಯ್ತದಲ್ಲಿ ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಸುತ್ತಲೂ ಬಳೆಯಂತೆ ಹೊಸ ತೊಗಟೆ ಎದ್ದಿರುತ್ತದೆ. ಒಂದೇ ಕಡೆ ಎದ್ದು ಇನ್ನೊಂದು ಕಡೆ ಇಲ್ಲದಿದ್ದರೆ, ಇಲ್ಲದ ಕಡೆ ಉಂಗುರ ಕತ್ತರಿಸಿಹೋಗಿದೆ ಎಂದೇ ಅರ್ಥ. ಮರ ಹತ್ತುವವರ ಕೈಚಳಕವನ್ನು ನಾವು ಅಳೆಯುವುದು ಹಿಂದಿನ ವರ್ಷದ ಈ ಬಳೆ ನೋಡಿಯೇ.

ಬಳ್ಳಿಯ ಮೇಲೋ ಗಿಡದ ಮೇಲೋ ಬೀಳಲಿರುವ ದಪ್ಪ ಕೊಂಬೆಯನ್ನು ಹಗ್ಗದಲ್ಲಿ ಇಳಿಸಬೇಕು. ಹಗ್ಗವನ್ನು ಕೊಂಬೆಗೆ ಕಟ್ಟಿ, ಮೇಲಿನ ಗಟ್ಟಿ ಕವೆಯ ಮೂಲಕ ಹಾಯಿಸಿ ಕೆಳಗೆ ತಂದು, ಅದೇ ಮರದ ಅಥವಾ ಪಕ್ಕದ ಮರದ ಬುಡಕ್ಕೆ ಎರಡು ಮೂರು ಸುತ್ತು ಹಾಕಿ ಹಿಡಿಯಬೇಕು. ಭಾರವನ್ನು ಆ ಸುತ್ತೇ ಹೊರುತ್ತದೆ, ಕೈ ಬರೀ ಸಡಿಲಿಸುತ್ತಾ ಹೋದರೆ ಸಾಕು. ಹಗ್ಗವನ್ನು ಅಂಗೈಗೆ ಸುತ್ತಿಕೊಂಡು ಹಿಡಿಯುವುದನ್ನು ಕಂಡರೆ ಅಲ್ಲೇ ಕೆಲಸ ನಿಲ್ಲಿಸಿ.

ಸಿಲ್ವರ್ ಓಕ್ ಬುಡಕ್ಕೆ ಕಡಿಯುವಾಗ ಬೀಳುವ ದಿಕ್ಕನ್ನು ಗಿಡದ ಸಾಲಿನ ನಡುವಿನ ದಾರಿಗೆ ಹೊಂದಿಸುತ್ತೇವೆ. ಬೀಳುವ ಕಡೆ ದಪ್ಪದ ನಾಲ್ಕನೇ ಒಂದರಷ್ಟು ಆಳಕ್ಕೆ ಬಾಯಿ ತೆಗೆಯಬೇಕು, ಬಾಯಿ ಚೆನ್ನಾಗಿ ತೆರೆದಿರಬೇಕು. ಹಿಂದಿನ ಕೊಯ್ತ ಬಾಯಿಯ ತಳಕ್ಕಿಂತ ಒಂದಿಂಚು ಮೇಲೆ. ಎರಡರ ನಡುವೆ ದಪ್ಪದ ಹತ್ತನೇ ಒಂದರಷ್ಟು ಮರ ಕೊಯ್ಯದೆ ಉಳಿಯಬೇಕು. ಒಂದೂವರೆ ಅಡಿ ದಪ್ಪದ ಮರವಾದರೆ ಸುಮಾರು ಎರಡಿಂಚು. ಬಾಗಿಲಿನ ಕೀಲಿನ ಹಾಗೆ ಅದೇ ಮರವನ್ನು ದಿಕ್ಕಿಗೆ ನಡೆಸುವುದು. ಅದನ್ನೂ ಕೊಯ್ದುಬಿಟ್ಟರೆ ಮರ ತನಗಿಷ್ಟ ಬಂದ ಕಡೆ ಬೀಳುತ್ತದೆ. ಹಿಂದಿನ ಕೊಯ್ತ ಅರ್ಧಕ್ಕೆ ಬಂದಾಗ ಬೆಣೆ ಹೊಡೆದಿಟ್ಟರೆ ಗರಗಸ ಸಿಕ್ಕಿಕೊಳ್ಳುವುದಿಲ್ಲ. ಪಕ್ಕದ ಮರದ ಮೇಲೆ ಒರಗಿ ನಿಂತ ಮರವನ್ನು ಬಿಡಿಸಲು ಆಸರೆಯ ಮರವನ್ನು ಕಡಿಯುವ ಯೋಚನೆ ಮಾತ್ರ ಯಾರಿಗೂ ಬರಬಾರದು. ಬುಡಕ್ಕೆ ಹಗ್ಗ ಅಥವಾ ಸರಪಳಿ ಬಿಗಿದು ಟ್ರ್ಯಾಕ್ಟರ್‌ನಿಂದ ಹಿಂದಕ್ಕೆ ಎಳೆಯಬೇಕು, ಆಗದಿದ್ದರೆ ಸುತ್ತ ಹಗ್ಗ ಕಟ್ಟಿ ಜನ ಹೋಗದಂತೆ ಮಾಡಿ ಮರುದಿನ ನೋಡಬೇಕು.

ಗರಗಸದ ಮಿಷಿನ್ ಬಗ್ಗೆ ಸ್ವಲ್ಪ. ಒಂದು ಲೀಟರ್ ಪೆಟ್ರೋಲಿಗೆ ಒಳ್ಳೆಯ ಟೂ ಸ್ಟ್ರೋಕ್ ಎಣ್ಣೆ 20 ಮಿಲಿ, ಸಾಧಾರಣ ಎಣ್ಣೆಯಾದರೆ 40 ಮಿಲಿ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುವುದರಿಂದ ಮಲೆನಾಡಿನ ತೇವದಲ್ಲಿ ಅದು ನೀರು ಎಳೆದುಕೊಂಡು ತಳದಲ್ಲಿ ಬೇರೆಯಾಗುತ್ತದೆ, ಎಣ್ಣೆಯಿಲ್ಲದ ಆ ನೀರು ಒಳಗೆ ಹೋದರೆ ಪಿಸ್ಟನ್ ಗೀಚಿ ಮಿಷಿನ್ ಹೋಗುತ್ತದೆ. ಒಂದೆರಡು ವಾರಕ್ಕೆ ಬೇಕಾದಷ್ಟೇ ಬೆರೆಸಿಡಿ. ಸರಪಳಿ ಹರಿತವಾಗಿದ್ದರೆ ಚಕ್ಕೆ ಬೀಳುತ್ತದೆ, ಮೊಂಡಾದರೆ ಹಿಟ್ಟು ಬೀಳುತ್ತದೆ. ಹಿಟ್ಟು ಕಂಡ ಕೂಡಲೇ ನಿಲ್ಲಿಸಿ ಅರ ಹಾಕಬೇಕು. 0.325 ಇಂಚು ಪಿಚ್ಚಿನ (ಕೊಂಡಿಗಳ ಅಂತರದ) ಸರಪಳಿಗೆ 4.8 ಮಿಲಿಮೀಟರ್ ಅರ, 30 ಡಿಗ್ರಿ ಓರೆ, ಪ್ರತಿ ಹಲ್ಲಿಗೂ ಒಂದೇ ಎಣಿಕೆಯ ಉಜ್ಜು. ಎಡ ಹಲ್ಲು ಬಲ ಹಲ್ಲಿಗಿಂತ ಗಿಡ್ಡವಾದರೆ ಕೊಯ್ತ ನೆಟ್ಟಗೆ ಹೋಗದೆ ಒಂದು ಕಡೆಗೆ ತಿರುಗುತ್ತದೆ. ಸರಪಳಿ ಓಡುವ ಪಟ್ಟಿಯ (ಬಾರ್‌ನ) ಮೂತಿಯ ಮೇಲ್ಭಾಗ ಮರಕ್ಕೆ ತಾಗಿದರೆ ಮಿಷಿನ್ ಮುಖಕ್ಕೆ ಎಗರುತ್ತದೆ. ಮರದ ಮೇಲೆ ಒಂದೇ ಕೈಯಲ್ಲಿ ಹಿಡಿದವರಿಗೆ ಅದನ್ನು ತಡೆಯಲು ಸಾಧ್ಯವೇ ಇಲ್ಲ. ಮಣಿಕಟ್ಟು ಗಾತ್ರದ ರೆಂಬೆಗೆ ಬಾಗಿದ ಕೈಗರಗಸವೇ ಚೆನ್ನ. ಸಿಲ್ವರ್ ಓಕಿನ ಹಿಟ್ಟು ಬೆವರಿಗೆ ಅಂಟಿದರೆ ಕೆಲವರಿಗೆ ಮೈ ತುರಿಸಿ ಗುಳ್ಳೆ ಏಳುತ್ತದೆ, ತುಂಬು ತೋಳಿನ ಅಂಗಿ ಹಾಕಿಸಿ.

ಕೊಂಬೆ ಬಿದ್ದ ದಿನವೇ ಸೊಪ್ಪು ಬಿಡಿಸಿ ಗಿಡಗಳ ಮೇಲಿನ ಭಾರ ತೆಗೆಯಬೇಕು. ಮುರಿದ ಕಾಫಿ ರೆಕ್ಕೆಯನ್ನು ಕತ್ತರಿಯಲ್ಲಿ ಚೊಕ್ಕಟವಾಗಿ ಕತ್ತರಿಸಿ, ಕಾಂಡವೇ ಸೀಳಿದ್ದರೆ ಕೆಳಗೆ ಓರೆಯಾಗಿ ಕೊಯ್ದು ಬೋರ್ಡೋ ಮುಲಾಮು ಹಚ್ಚುತ್ತೇವೆ. ಮುಲಾಮಿಗೆ ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು 10 ಲೀಟರ್. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಬೆರೆಸಬೇಕು, ಕಬ್ಬಿಣದ ಪಾತ್ರೆ ಬೇಡ. ಸೊಪ್ಪು, ಬೆರಳು ಗಾತ್ರದ ಕಡ್ಡಿ ಎಲ್ಲ ಅಲ್ಲಲ್ಲೇ ಗಿಡಗಳ ನಡುವೆ ತೆಗೆದ ತೊಟ್ಟಿಲು ಗುಂಡಿಗೆ. ಅದಕ್ಕೆ ಬೆಂಕಿ ಕೊಡುವವರನ್ನು ಕಂಡರೆ ಸಂಕಟವಾಗುತ್ತದೆ. ಚೀಲ ಚೀಲ ಗೊಬ್ಬರ ತಂದು ಹಾಕುವ ಜಾಗದಲ್ಲೇ ಮರ ಪುಕ್ಕಟೆ ಕೊಟ್ಟಿದ್ದನ್ನು ಸುಟ್ಟ ಹಾಗೆ ಅದು. ಬೆಳಕು ಬಂದಲ್ಲಿ ಮಳೆ ಬಿದ್ದ ಕೂಡಲೇ ಕಳೆ ನುಗ್ಗುವುದರಿಂದ ದರಗಿನ (ಉದುರಿದ ಒಣ ಎಲೆಯ) ಹೊದಿಕೆ ಎರಡು ಪಟ್ಟು ಉಪಯೋಗ. ಕಳೆ ಹೊಡೆಯುವ ಮಿಷಿನ್ ತರುವುದಾದರೆ ಬುಡದ ಸುತ್ತ ಒಂದೂವರೆ ಅಡಿ ಬಿಡಿಸಿ, ಆ ಜಾಗವನ್ನು ಕೈಯಲ್ಲೇ ಕೀಳಿಸಿ. ನೈಲಾನ್ ದಾರ ಎಳೆಯ ಗಿಡದ ತೊಗಟೆಯನ್ನು ಸುತ್ತಲೂ ಸುಲಿದರೆ ಎರಡು ತಿಂಗಳ ಮೇಲೆ ಗಿಡ ಒಣಗಿದಾಗಷ್ಟೇ ಗೊತ್ತಾಗುವುದು.

ದಿಮ್ಮಿಯ ಅಳತೆ ಗೊತ್ತಿಲ್ಲದಿದ್ದರೆ ವ್ಯಾಪಾರದಲ್ಲಿ ನಷ್ಟ. ದಿಮ್ಮಿಯ ನಡುಮಧ್ಯದ ಸುತ್ತಳತೆಯನ್ನು ಇಂಚಿನಲ್ಲಿ ತೆಗೆದು, ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದ ಅಡಿಯಿಂದ ಗುಣಿಸಿ, 144ರಿಂದ ಭಾಗಿಸಿದರೆ ಘನ ಅಡಿ. ಸುತ್ತಳತೆ 48 ಇಂಚು, ಉದ್ದ 10 ಅಡಿ ಇದ್ದರೆ 12ನ್ನು 12ರಿಂದ ಗುಣಿಸಿದರೆ 144, ಅಲ್ಲಿಗೆ ಸರಿಯಾಗಿ 10 ಘನ ಅಡಿ. ಈ ಲೆಕ್ಕದಲ್ಲಿ ನಿಜವಾದ ಗಾತ್ರದ ನೂರಕ್ಕೆ 78 ಭಾಗವಷ್ಟೇ ಬರುತ್ತದೆ, ಉಳಿದದ್ದು ಕೊಯ್ತದ ಸೋರಿಕೆ ಎಂದು ಮೊದಲೇ ಕಳೆದಂತೆ. ಅದರ ಮೇಲೆ ಸಿಪ್ಪೆಗೆಂದು, ಬಿರುಕಿಗೆಂದು ಮತ್ತೆ ಕಳೆಯಲು ಬಂದರೆ ಒಪ್ಪಬೇಡಿ. ಟೇಪನ್ನು ತುದಿಯ ಸಣ್ಣ ಕಡೆಗೆ ಸರಿಸಿ ಹಿಡಿಯುವುದನ್ನೂ ಗಮನಿಸಿ, ಎರಡಿಂಚು ಕಡಿಮೆಯಾದರೆ ಮೇಲಿನ ದಿಮ್ಮಿಯಲ್ಲಿ ಮುಕ್ಕಾಲು ಘನ ಅಡಿಗಿಂತ ಹೆಚ್ಚು ಹೋಗುತ್ತದೆ.

ದಿಮ್ಮಿಗೆ ಬಾರದ್ದು ಸೌದೆ. ಬಚ್ಚಲೊಲೆಗೆ ಒಂದೂವರೆಯಿಂದ ಎರಡಡಿ, ಅಡಿಕೆ ಬೇಯಿಸುವ ಒಲೆಗೆ ಮೂರಡಿ ತುಂಡು. ಒಡೆಯುವುದನ್ನು ಹಸಿಯಿದ್ದಾಗಲೇ ಮುಗಿಸಬೇಕು, ಒಣಗಿದ ಮೇಲೆ ಕೊಡಲಿ ಪುಟಿಯುತ್ತದೆ. ಸಿಲ್ವರ್ ಓಕ್ ನೆಟ್ಟಗೆ ಸೀಳುತ್ತದೆ. ಹಲಸಿನ ನಾರು ತಿರುಚಿಕೊಂಡಿರುವುದರಿಂದ ನಡುವಿಗೆ ಹೊಡೆಯದೆ ಅಂಚಿನಿಂದ ಹಲಗೆ ಹಲಗೆಯಾಗಿ ಬಿಡಿಸಬೇಕು. ಕವೆ ಬಂದ ತುಂಡಿಗೆ ಬೆಣೆ ಹಾಕಿದರೂ ದಂಡ, ಅದನ್ನು ಹಾಗೇ ಬೂದಿಯಡಿ ಬೆಂಕಿ ಉಳಿಸಲು ಇಟ್ಟುಕೊಳ್ಳಿ. ಕಾವಿಗೆ ಮತ್ತಿ, ನಂದಿ, ಕಿತ್ತು ಹಾಕಿದ ಹಳೆಯ ಕಾಫಿ ಬೊಡ್ಡೆ ಉತ್ತಮ. ಸಿಲ್ವರ್ ಓಕ್ ಬೇಗ ಹತ್ತಿ ಬೇಗ ಮುಗಿಯುತ್ತದೆ. ಅತ್ತಿ, ಬಸರಿ ಹಾಲು ಮರಗಳು ಹೊಗೆ ಹೆಚ್ಚು. ಹಾಲುವಾಣ ಸೌದೆಯೇ ಅಲ್ಲ, ಗುಂಡಿಗೆ ಹಾಕಿ.

ಹಸಿ ಸೌದೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. 10 ಕಿಲೋ ಹಸಿ ತುಂಡು ಒಲೆಗೆ ಯೋಗ್ಯವಾಗಿ, ಅಂದರೆ ನೂರಕ್ಕೆ 20 ಭಾಗ ನೀರಿಗೆ ಇಳಿದಾಗ, ಆರೂಕಾಲು ಕಿಲೋ ತೂಗುತ್ತದೆ. ಹಸಿ ಸೌದೆಯನ್ನು ಟನ್ ಲೆಕ್ಕದಲ್ಲಿ ಕೊಳ್ಳುವವರು ನೀರಿಗೆ ದುಡ್ಡು ಕೊಡುತ್ತಾರೆ. ಅದನ್ನೇ ಉರಿಸಿದರೆ ಕಾವಿನ ಪಾಲು ಆ ನೀರನ್ನು ಆವಿ ಮಾಡಲು ಹೋಗಿ, ಹೊಗೆಯೂ ಕೊಳವೆಯ ಮಸಿಯೂ ಹೆಚ್ಚುತ್ತವೆ. ಸೌದೆ ಜೋಡಿಸಿದ ಅಟ್ಟಿಯ ಕೆಳಗೆ ಕಲ್ಲಿಟ್ಟು ಅಡ್ಡ ಮರ ಹಾಕಿ ನೆಲದಿಂದ ಅರ್ಧ ಅಡಿ ಎತ್ತರಿಸಬೇಕು, ಇಲ್ಲದಿದ್ದರೆ ಗೆದ್ದಲು. ಎತ್ತರ ನಾಲ್ಕಡಿ ಸಾಕು. ಗೋಡೆಗೆ ತಾಗಿಸಬಾರದು, ಮೇಲೆ ಮಾತ್ರ ಹೊದಿಕೆ, ಮಗ್ಗುಲು ಬಯಲು. ಟಾರ್ಪಾಲಿನಲ್ಲಿ ಪೂರ್ತಿ ಸುತ್ತಿದರೆ ಒಳಗೇ ಬೆವರಿ ಬೂಸು ಹಿಡಿಯುತ್ತದೆ. ಒಂದು ತುಂಡಿಗೆ ಬಣ್ಣ ಹಚ್ಚಿ ವಾರಕ್ಕೊಮ್ಮೆ ತೂಗಿ ನೋಡಿ, ತೂಕ ಇಳಿಯುವುದು ನಿಂತಾಗ ಒಣಗಿದೆ ಎಂದರ್ಥ. ಎರಡು ತುಂಡು ಬಡಿದಾಗ ಟಣ್ ಎನ್ನಬೇಕು. ಜನವರಿಯಲ್ಲಿ ಒಡೆದದ್ದು ಮೇ ಕೊನೆಗೆ ಕೊಟ್ಟಿಗೆ ಸೇರಬಹುದು, ಮೇನಲ್ಲಿ ಒಡೆದದ್ದನ್ನು ಈ ಮಳೆಗಾಲಕ್ಕೆ ನಂಬಬೇಡಿ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆಯವರು ಡಿಸೆಂಬರಿನಿಂದ ಮೇವರೆಗೆ ಕಾಡಂಚಿನಲ್ಲಿ ಸೌದೆ, ದರಗು ಎತ್ತುವಾಗ ಉಣುಗಿನ ಬಗ್ಗೆ ಎಚ್ಚರವಾಗಿರಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಅದರಿಂದಲೇ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಿ, ಪ್ಯಾಂಟನ್ನು ಕಾಲುಚೀಲದೊಳಗೆ ತೂರಿಸಿ, ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಮುಟ್ಟದೆ ಆಶಾ ಕಾರ್ಯಕರ್ತೆಗೆ ತಿಳಿಸಿ.

ಕೂಲಿಯ ವಿಷಯ ಕೊನೆಗೆ ಬಂದರೂ ಮೊದಲೇ ತೀರ್ಮಾನವಾಗಬೇಕಾದದ್ದು. "ದುಡ್ಡು ಬೇಡ ಗೌಡ್ರೇ, ಸೌದೆ ನಮಗೆ ಬಿಡಿ" ಎಂದು ಗುತ್ತಿಗೆಗೆ ಬರುವವರಿದ್ದಾರೆ. ಲಾಭದ ಮಾತಾಗಿ ಕೇಳುತ್ತದೆ. ಆದರೆ ಸೌದೆಯೇ ಕೂಲಿಯಾದಾಗ ಕೈ ಹೋಗುವುದು ದಪ್ಪ ಕೊಂಬೆಗೆ. ತೆಗೆಯಬೇಕಾದ ಸಣ್ಣ ರೆಂಬೆ ಅಲ್ಲೇ ಉಳಿಯುತ್ತದೆ, ಐವತ್ತು ವರ್ಷದ ಬಸರಿಯ ಹೆಗಲು ಹೋಗುತ್ತದೆ. ಮರಕ್ಕಿಷ್ಟು ಎಂದು ಗುತ್ತಿಗೆ ಕೊಟ್ಟರೆ ಅವಸರ, ಮೋಟು, ಬೆಲ್ಟಿಲ್ಲದ ಹತ್ತಾಟ. ದಿನಗೂಲಿಯನ್ನು ಉಳಿದ ಕೆಲಸಕ್ಕಿಂತ ಹೆಚ್ಚು ಕೊಟ್ಟು, ವಿಮೆ ಮಾಡಿಸಿ, ಸೌದೆಯ ಲೆಕ್ಕವನ್ನು ಬೇರೆಯಾಗಿಯೇ ಇಡಬೇಕು.

ಕಡಿದ ಮರದ ಬೊಡ್ಡೆಯನ್ನು ಆದಷ್ಟು ಬೇರುಸಮೇತ ತೆಗೆಸಿ. ನೆಲದಲ್ಲಿ ಕೊಳೆಯುವ ಬೊಡ್ಡೆಯಿಂದ ಬೇರು ರೋಗ ಹೊರಟು ಸುತ್ತಲಿನ ಕಾಫಿ ಗಿಡಗಳು ಒಂದೊಂದಾಗಿ ಹಳದಿಯಾಗಿ ಸಾಯುತ್ತವೆ. ತೆಗೆಯಲಾಗದಿದ್ದರೆ ಸುತ್ತ ಎರಡು ಮೂರು ಅಡಿ ಆಳದ ಚರಂಡಿ ಹೊಡೆದು ಬೇರಿನ ಸಂಪರ್ಕ ಕತ್ತರಿಸಿ, ಸುಣ್ಣ ಹಾಕಬೇಕು. ನೆರಳು ಹೋದ ಜಾಗಕ್ಕೆ ಮುಂಗಾರು ಹಿಡಿದ ಕೂಡಲೇ ಹಾಲುವಾಣದ ಗೂಟ ನೆಡುತ್ತೇವೆ. ಮರಗಸಿಯಲ್ಲಿ ಬಂದ ಆರಡಿ ಉದ್ದದ ನೆಟ್ಟನೆಯ ರೆಂಬೆಗಳನ್ನು ಆರಿಸಿ, ಒಂದು ವಾರ ನೆರಳಲ್ಲಿ ನಿಲ್ಲಿಸಿ, ಬುಡ ಓರೆಯಾಗಿ ಕಡಿದು, ಮೇಲಿನ ತುದಿಗೆ ಸಗಣಿ ಮೆತ್ತಿ, ಗುದ್ದಲಿಯಲ್ಲಿ ಗುಂಡಿ ತೆಗೆದು ಒಂದಡಿ ಆಳಕ್ಕೆ ಇಳಿಸಿ ಸುತ್ತ ತುಳಿಯಬೇಕು. ಬಡಿದು ಇಳಿಸಿದರೆ ತೊಗಟೆ ಕಿತ್ತು ಬುಡ ಕೊಳೆಯುತ್ತದೆ. ಎಲೆಯಲ್ಲಿ ಗಂಟುಗಂಟಾದ ಮರದಿಂದ ಗೂಟ ತೆಗೆಯಬೇಡಿ, ಅದು ಕಣಜದ ಜಾತಿಯ ಸಣ್ಣ ಕೀಟದ ಕೆಲಸ. ಅದು ಬಂದ ಮೇಲೆ ಹಲವು ತೋಟಗಳಲ್ಲಿ ಹಾಲುವಾಣವೇ ಸೊರಗಿದೆ. ಜೊತೆಗೆ ಪ್ರತಿ ಸಾಲಿನಲ್ಲಿ ಒಂದೆರಡು ಅತ್ತಿ, ಬಸರಿ ಸಸಿಯನ್ನೂ ಇಡಿ, ಹಾಲುವಾಣ ಮುದಿಯಾಗುವ ಹೊತ್ತಿಗೆ ಅವು ಮೇಲೆದ್ದಿರಬೇಕು.